ಸವೆದ ಫುಟ್‌ರೆಸ್ಟ್ ರಬ್ಬರ್: ಮಳೆಗಾಲಕ್ಕೆ ಮುಂಚಿನ ಒಂದು ಸಣ್ಣ ಕೆಲಸ

ಮೋಟಾರ್ ಸೈಕಲ್ಲಿನ ಎರಡೂ ಬದಿಗೆ, ಓಡಿಸುವವರ ಮತ್ತು ಹಿಂದೆ ಕುಳಿತವರ ಪಾದಗಳಿಗೆ ಆಸರೆಯಾಗಿ ಚಾಚಿಕೊಂಡಿರುವ ಉಕ್ಕಿನ ಸರಳುಗಳನ್ನು ಫುಟ್‌ರೆಸ್ಟ್ ಎಂದೂ, ಅವುಗಳ ಮೇಲೆ ತೊಡಿಸಿದ ಗೀರುಗಳುಳ್ಳ ಕಪ್ಪು ಹೊದಿಕೆಯನ್ನು ಫುಟ್‌ರೆಸ್ಟ್ ರಬ್ಬರ್ ಎಂದೂ ಗ್ಯಾರೇಜುಗಳಲ್ಲಿ ಕರೆಯುತ್ತಾರೆ. ಈ ರಬ್ಬರು ಸವೆದರೆ ಗಾಡಿ ನಿಲ್ಲುವುದಿಲ್ಲ, ಸದ್ದು ಬರುವುದಿಲ್ಲ, ಮೈಲೇಜ್ ಇಳಿಯುವುದಿಲ್ಲ; ಆದ್ದರಿಂದಲೇ ಆಯಿಲ್, ಚೈನು, ಬ್ರೇಕ್ ಶೂಗಳನ್ನು ತಪ್ಪದೆ ನೋಡಿಸುವ ಮಾಲೀಕರೂ ಇದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುತ್ತಾರೆ. ಒಣ ಹವೆಯ ಸೀಮೆಯಲ್ಲಿ ಈ ಉದಾಸೀನ ಹೇಗೋ ನಡೆದುಹೋಗುತ್ತದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಂಥ ಮಳೆಯ ಸೀಮೆಯಲ್ಲಿ ಅದು ನಡೆಯುವುದಿಲ್ಲ, ಅದರಲ್ಲೂ ಹಿಂದಿನ ಸೀಟಿನಲ್ಲಿ ಕುಳಿತವರ ಪಾಲಿಗೆ ಅದು ನೇರವಾದ ಅಪಾಯ ಎಂಬುದು ಈ ಬರಹದ ವಾದ.

ಬೆಳಗಾವಿಗೂ ಖಾನಾಪುರಕ್ಕೂ ನಡುವಿನ ಅಂತರ ಸುಮಾರು 26 ಕಿ.ಮೀ. ಪೀರನವಾಡಿ, ಮಚ್ಛೆ, ಗಣೇಬೈಲುಗಳ ಮೇಲೆ ಹಾಯ್ದು ಹೋಗುವ ಈ ಹಾದಿಯಲ್ಲಿ ಉದ್ಯಮಬಾಗ ಮತ್ತು ಮಚ್ಛೆಯ ಕಾರ್ಖಾನೆಗಳ ಕೆಲಸಗಾರರು, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಹಾಲು–ತರಕಾರಿ ಸಾಗಿಸುವವರು, ಆಸ್ಪತ್ರೆ–ಕಚೇರಿ ಕೆಲಸಕ್ಕೆ ನಗರಕ್ಕೆ ಬರುವ ಹಳ್ಳಿಗರು ಬೆಳಗಿನಿಂದ ರಾತ್ರಿಯವರೆಗೆ ದ್ವಿಚಕ್ರ ವಾಹನಗಳಲ್ಲಿ ಓಡಾಡುತ್ತಾರೆ. ಪೀರನವಾಡಿಯಲ್ಲಿ ಪಶ್ಚಿಮಕ್ಕೆ ಕವಲೊಡೆಯುವ ರಸ್ತೆ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಾಟಿಗೆ ಹೋಗುತ್ತದೆ. ಬೆಳಗಾವಿ ನಗರದಲ್ಲಿ ವರ್ಷಕ್ಕೆ 1,200 ಮಿ.ಮೀ.ಗೂ ಹೆಚ್ಚು ಮಳೆ ಬೀಳುವುದಾದರೆ, ಅಲ್ಲಿಂದ ಐವತ್ತು ಕಿ.ಮೀ.ಯೂ ಇಲ್ಲದ, ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯಲ್ಲಿ ಅದು 3,000 ಮಿ.ಮೀ. ದಾಟುತ್ತದೆ, ಮತ್ತು ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಹೆಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಣ್ಣು ನುಣುಪಾದ ಜೇಡಿಯಾಗಿರುವುದರಿಂದ, ಕಾಲಿಗೆ ಮೆತ್ತಿದ ಕೆಸರು ಮೊದಲು ಜಾರಿಸುತ್ತದೆ. ಅದೇ ಕೆಸರು ಒಣಗಿದ ಮೇಲೆ ಅದರೊಳಗಿನ ಮರಳಿನ ಕಣಗಳು ಉಜ್ಜುಕಾಗದದಂತೆ ರಬ್ಬರನ್ನು ತೇಯುತ್ತವೆ.

ಫುಟ್‌ರೆಸ್ಟ್ ರಬ್ಬರಿಗೆ ಎರಡು ಕೆಲಸಗಳಿವೆ. ಮೊದಲನೆಯದು ಪಾದಕ್ಕೆ ಹಿಡಿತ ಕೊಡುವುದು. ಒಣಗಿದ ರಬ್ಬರು ಚಪ್ಪಲಿಯ ಅಟ್ಟೆಗೆ ಹತ್ತಿರದಿಂದ ತಾಗಿ ಅಂಟಿಕೊಳ್ಳುವ ಗುಣದಿಂದಲೂ, ಅಟ್ಟೆಯ ಉಬ್ಬುತಗ್ಗುಗಳಿಗೆ ತಕ್ಕಂತೆ ತಾನೇ ತಗ್ಗಿ ಮತ್ತೆ ಮೇಲೇಳುವ ಗುಣದಿಂದಲೂ ಪಾದವನ್ನು ಜಾರಗೊಡದೆ ಹಿಡಿಯುತ್ತದೆ. ಇವೆರಡರ ನಡುವೆ ನೀರಿನ ತೆಳುವಾದ ಪದರ ಸೇರಿದ ಕೂಡಲೇ ಅಂಟುವ ಗುಣ ಬಹಳಷ್ಟು ಇಲ್ಲವಾಗುತ್ತದೆ. ರಬ್ಬರಿನ ಮೇಲೆ ಕೊರೆದ ಗೀರುಗಳು ಇರುವುದು ಈ ನೀರಿಗೆ ದಾರಿ ಮಾಡಿಕೊಡಲು: ಪಾದದ ಭಾರ ಬಿದ್ದಾಗ ನೀರು ಗೀರುಗಳೊಳಕ್ಕೆ ಸರಿದು ಬದಿಗೆ ಹರಿದುಹೋಗುತ್ತದೆ, ಗೀರುಗಳ ನಡುವಿನ ದಿಣ್ಣೆಗಳು ಅಟ್ಟೆಯನ್ನು ಮುಟ್ಟುತ್ತವೆ. ದಿಣ್ಣೆಗಳು ಸವೆದು ಮೇಲ್ಮೈ ಸಪಾಟಾದಾಗ ನೀರಿಗೆ ಹೋಗಲು ಎಡೆಯಿರುವುದಿಲ್ಲ, ಪಾದವು ನೀರಿನ ಮೇಲೆಯೇ ನಿಂತಿರುತ್ತದೆ. ಬೇಸಿಗೆಯಲ್ಲಿ ಯಾವ ತೊಂದರೆಯನ್ನೂ ಕೊಡದ ಸಪಾಟು ರಬ್ಬರು ಮೊದಲ ಮಳೆಗೇ ಕಾಲು ಜಾರಿಸುವುದಕ್ಕೆ ಕಾರಣ ಇದೇ.

ಎರಡನೆಯ ಕೆಲಸ ಅದುರನ್ನು ತಗ್ಗಿಸುವುದು. ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಮೋಟಾರ್ ಸೈಕಲ್ಲುಗಳು ಒಂದೇ ಸಿಲಿಂಡರಿನವು. ಇಂಥ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಪಿಸ್ಟನ್ನಿನ ಏರಿಳಿತದಿಂದ ಸೆಕೆಂಡಿಗೆ ಸುಮಾರು 83 ಸಲ ಅದುರು ಹುಟ್ಟಿ, ಚೌಕಟ್ಟಿನ ಮೂಲಕ ಫುಟ್‌ರೆಸ್ಟಿಗೆ ಇಳಿಯುತ್ತದೆ. ರಬ್ಬರಿನ ದಪ್ಪ ಈ ಅದುರಿನ ಒಂದಷ್ಟನ್ನು ತನ್ನೊಳಗೆ ಶಾಖವಾಗಿ ಕರಗಿಸಿಕೊಳ್ಳುತ್ತದೆ. ದಪ್ಪ ಕಡಿಮೆಯಾದಷ್ಟೂ, ಅಥವಾ ರಬ್ಬರು ಹಳೆಯದಾಗಿ ಗಡುಸಾದಷ್ಟೂ ಪಾದಕ್ಕೆ ತಲಪುವ ಅದುರು ಹೆಚ್ಚಾಗಿ, ದೂರದ ಪ್ರಯಾಣದಲ್ಲಿ ಅಂಗಾಲು ಜುಮುಗುಡುತ್ತದೆ. ಜುಮು ಹಿಡಿದ ಪಾದಕ್ಕೆ ಬ್ರೇಕ್ ಪೆಡಲ್ ಎಲ್ಲಿದೆ ಎಂಬ ಅಂದಾಜು ತಕ್ಷಣಕ್ಕೆ ಸಿಗದಿರುವುದರಿಂದ ಇದು ಕೇವಲ ಸುಖಾಸುಖದ ಪ್ರಶ್ನೆಯಲ್ಲ.

ರಬ್ಬರು ಎಂದರೆ ಇಲ್ಲಿ ಬರಿಯ ಮರದ ಹಾಲಲ್ಲ. ಹಾಲಿನಿಂದ ಬಂದ ಮೆತ್ತನೆಯ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಕರಗದೆ, ಚಳಿಗೆ ಒಡೆಯದೆ, ಎಳೆದರೆ ಮತ್ತೆ ಮೊದಲ ಆಕಾರಕ್ಕೆ ಮರಳುವ ವಸ್ತುವಾಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಈ ಕ್ರಿಯೆಗೆ ವಲ್ಕನೀಕರಣ ಎಂದು ಹೆಸರು. ಸವೆತ ತಾಳಿಕೊಳ್ಳಲೆಂದು ಕಾರ್ಬನ್ ಬ್ಲ್ಯಾಕ್ ಎಂಬ ನುಣುಪಾದ ಮಸಿಯನ್ನು ಸೇರಿಸುತ್ತಾರೆ, ಕಪ್ಪು ಬಣ್ಣ ಬರುವುದು ಅದರಿಂದಲೇ. ಹೀಗೆ ಹದಗೊಳಿಸಿದ ಮಿಶ್ರಣವನ್ನು ಉಕ್ಕಿನ ಅಚ್ಚಿನಲ್ಲಿಟ್ಟು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದಾಗ ಫುಟ್‌ರೆಸ್ಟ್ ರಬ್ಬರು ತಯಾರಾಗುತ್ತದೆ. ಕರ್ನಾಟಕಕ್ಕೆ ರಬ್ಬರು ಹೊರಗಿನ ಬೆಳೆಯೂ ಅಲ್ಲ. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ನೆಲೆ ಕಲ್ಪಿಸಲು ಸುಳ್ಯ–ಪುತ್ತೂರು ಭಾಗದಲ್ಲಿ ಸರ್ಕಾರವೇ ಬೆಳೆಸಿದ ರಬ್ಬರು ತೋಟಗಳನ್ನು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ನೋಡಿಕೊಳ್ಳುತ್ತ ಬಂದಿದೆ.

ಈ ವಸ್ತುವಿಗೆ ಸವೆತಕ್ಕಿಂತ ದೊಡ್ಡ ಶತ್ರು ಎಣ್ಣೆ. ನೈಸರ್ಗಿಕ ರಬ್ಬರು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್‌ಗಳನ್ನು ಹೀರಿಕೊಂಡು ಊದಿಕೊಳ್ಳುತ್ತದೆ, ಊದಿಕೊಂಡ ಮೇಲೆ ಮೆತ್ತಗಾಗಿ ಉಗುರಿಗೆ ಕಿತ್ತುಬರುವಂತಾಗುತ್ತದೆ. ಉದ್ಯಮಬಾಗದ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಮುಂದೆ ಪಾಳಿಯುದ್ದಕ್ಕೂ ನಿಂತು ದುಡಿಯುವವರ ಬೂಟಿನ ಅಟ್ಟೆಗೆ ಆಯಿಲ್ ಹತ್ತಿಕೊಂಡಿರುವುದು ಸಹಜ. ಅದೇ ಬೂಟು ದಿನವೂ ಫುಟ್‌ರೆಸ್ಟಿನ ಮೇಲೆ ಕೂರುವುದರಿಂದ ಅವರ ಗಾಡಿಯ ರಬ್ಬರು ಇತರರದಕ್ಕಿಂತ ಬೇಗ ಹಾಳಾಗುತ್ತದೆ. ವಾಟರ್ ಸರ್ವಿಸ್ ಮಾಡಿಸಿದ ಮೇಲೆ ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಭಾಗಕ್ಕೆಲ್ಲ ಡೀಸೆಲ್ ಸಿಂಪಡಿಸುವ ವಾಡಿಕೆ ಕಬ್ಬಿಣಕ್ಕೆ ಹಿತವಾದರೂ ರಬ್ಬರಿಗೆ ವಿಷ. ಟಯರಿಗೆ ಹಾಕುವ ಹೊಳಪಿನ ಪಾಲಿಷನ್ನು ಫುಟ್‌ರೆಸ್ಟ್ ರಬ್ಬರಿಗೂ ಬಳಿಯುವುದು ಇನ್ನೂ ಕೆಟ್ಟದ್ದು. ಕಪ್ಪಗೆ ಹೊಸದರಂತೆ ಕಾಣುವ ಆ ರಬ್ಬರಿನ ಮೇಲೆ ಕಾಲು ನಿಲ್ಲುವುದಿಲ್ಲ. ಇನ್ನು ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಅನಿಲವು ಎಳೆತದಲ್ಲಿರುವ ರಬ್ಬರನ್ನು ನಿಧಾನವಾಗಿ ಸೀಳುತ್ತದೆ. ಸದಾ ಬಿಸಿಲು–ಗಾಳಿಗೆ ನಿಲ್ಲುವ ಗಾಡಿಗಳ ರಬ್ಬರಿನ ಅಂಚಿನಲ್ಲಿ, ಓಡಾಟ ಕಡಿಮೆಯಿದ್ದರೂ, ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುವುದು ಹೀಗೆ.

ನಾಲ್ಕೂ ಫುಟ್‌ರೆಸ್ಟುಗಳು ಒಂದೇ ಬಗೆಯಲ್ಲಿ ಸವೆಯುವುದಿಲ್ಲ. ಮುಂದಿನವುಗಳಲ್ಲಿ ಹಿಮ್ಮಡಿಯನ್ನು ಊರಿಕೊಂಡು ಬೆರಳುಗಳಿಂದ ಎಡಕ್ಕೆ ಗೇರ್, ಬಲಕ್ಕೆ ಬ್ರೇಕ್ ಒತ್ತುವ ಕಡೆ ಮೇಲ್ಮೈ ತೇಯುತ್ತದೆ. ಗೇರ್ ಬಲಕ್ಕೂ ಬ್ರೇಕ್ ಎಡಕ್ಕೂ ಇದ್ದ ಹಳೆಯ ಬುಲೆಟ್‌ಗಳಲ್ಲಿ ಈ ಲೆಕ್ಕ ತಿರುಗಮುರುಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹೊರಬರುತ್ತಿದ್ದ ಜಾವಾ ಮತ್ತು ಯೆಜ್ಡಿಗಳಲ್ಲಿ ಒಂದೇ ಲಿವರ್ ಕಿಕ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುತ್ತಿದ್ದುದರಿಂದ ಆ ಲಿವರಿನ ರಬ್ಬರಿಗೆ ಎರಡು ಪಟ್ಟು ದುಡಿಮೆ ಇತ್ತು.

ಮುಂದಿನ ರಬ್ಬರು ಸವೆದರೆ ಓಡಿಸುವವರಿಗೆ ಅದು ಅನುಭವಕ್ಕೆ ಬರುತ್ತದೆ, ಬದಲಿಸುವ ಅಧಿಕಾರವೂ ಸಾಮಾನ್ಯವಾಗಿ ಅವರದೇ. ಹಿಂದಿನ ಫುಟ್‌ರೆಸ್ಟಿನ ಸ್ಥಿತಿ ಬೇರೆ. ಅದರ ಮೇಲೆ ಕಾಲಿಡುವವರು ಹೆಂಡತಿ, ತಾಯಿ, ಮಗಳು, ಡಬಲ್ ಸೀಟ್ ಬರುವ ಜೊತೆಗಾರ. ಅವರು ಗಾಡಿಯ ಸರ್ವಿಸಿಗೆ ಹೋಗುವವರಲ್ಲ, ಕಾಲು ಜಾರಿತೆಂದು ಹೇಳಿದರೂ ಅದು ಅವರ ಚಪ್ಪಲಿಯ ದೋಷವಾಗಿ ಮುಗಿದುಹೋಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂದಿನ ಸವಾರರಿಗೆ ಅವಕಾಶವಿರುವ ಪ್ರತಿಯೊಂದು ಮೋಟಾರ್ ಸೈಕಲ್ಲಿಗೂ ಹಿಡಿದುಕೊಳ್ಳಲು ಶಾಶ್ವತವಾದ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಮತ್ತು ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಭಾಗಕ್ಕೆ ಕಡಿಮೆಯಾಗದಂತೆ ಮುಚ್ಚುವ ರಕ್ಷಣೆ, ಅಂದರೆ ಸಾಮಾನ್ಯವಾಗಿ ಸೀರೆ ಗಾರ್ಡ್ ಎನ್ನುವುದು, ಇರಲೇಬೇಕೆಂದು ವಿಧಿಸುತ್ತದೆ. ಹಿಂದೆ ಕುಳಿತವರ ಕಾಲಿನ ಆಸರೆಯನ್ನು ಕಾನೂನು ಸುರಕ್ಷತೆಯ ಸಾಧನವೆಂದೇ ಎಣಿಸಿದೆ, ಅಲಂಕಾರವೆಂದಲ್ಲ.

ಸೀರೆಯುಟ್ಟು ಒಂದೇ ಬದಿಗೆ ಎರಡೂ ಕಾಲು ಹಾಕಿ ಕುಳಿತ ಮಹಿಳೆಯ ಸ್ಥಿತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡೂ ಬದಿಗೆ ಕಾಲು ಹಾಕಿ ಕುಳಿತವರು ತೊಡೆಗಳಿಂದ ಸೀಟನ್ನು ಬಿಗಿಹಿಡಿಯಬಲ್ಲರು. ಬ್ರೇಕ್ ಬಿದ್ದಾಗ ಮೈ ಮುಂದಕ್ಕೆ ವಾಲಿದರೆ ಎರಡು ಪಾದಗಳೂ ಸಮನಾಗಿ ತಡೆಯುತ್ತವೆ. ಒಂದೇ ಬದಿಗೆ ಕುಳಿತವರಿಗೆ ಒಂದು ಕೈಯ ಹಿಡಿತ ಬಿಟ್ಟರೆ ಉಳಿಯುವುದು ಎಡಗಡೆಯ ಫುಟ್‌ರೆಸ್ಟ್ ಮಾತ್ರ. ಸೀರೆ ಗಾರ್ಡಿಗೆ ಬೆಸೆದ ಅಗಲವಾದ ಪಟ್ಟಿಯೊಂದು ಇದ್ದರೆ ಒಂದು ಪಾದ ಅದರ ಮೇಲೆ ನಿಲ್ಲುತ್ತದೆ, ಇಲ್ಲದಿದ್ದರೆ ಎರಡು ಪಾದಗಳ ಭಾರವೂ ಒಂದು ಗೇಣಿನಷ್ಟೂ ಉದ್ದವಿಲ್ಲದ ಅದೊಂದು ಸರಳಿನ ಮೇಲೆಯೇ ಬೀಳುತ್ತದೆ. ಹತ್ತುವಾಗ ಅದೇ ಮೆಟ್ಟಿಲು, ಇಳಿಯುವಾಗಲೂ ಅದೇ. ಹೀಗಾಗಿ ಮನೆಮಂದಿಯ ಓಡಾಟಕ್ಕೆ ಬಳಕೆಯಾಗುವ ಗಾಡಿಗಳಲ್ಲಿ ಹಿಂದಿನ ಎಡ ರಬ್ಬರು ಸವೆದು ನುಣುಪಾದ ಮೇಲೂ ಹಿಂದಿನ ಬಲ ರಬ್ಬರಿನ ಗೀರುಗಳು ಹೊಸದರಂತೆ ಉಳಿದಿರುತ್ತವೆ. ಇದಕ್ಕೆ ಪಾದರಕ್ಷೆಯ ಸಂಗತಿಯೂ ಸೇರಿಕೊಳ್ಳುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಸೀಮೆಯಲ್ಲಿ ಬೆಳಗಾವಿ ಜಿಲ್ಲೆಯೂ ಒಂದು. ಅಥಣಿಯ ಚಪ್ಪಲಿಗಳು ನಾಡಿಗೆಲ್ಲ ಪರಿಚಿತ. ಈ ಚಪ್ಪಲಿಯ ಚರ್ಮದ ಅಟ್ಟೆ ತುಳಿದು ತುಳಿದು ನುಣುಪಾದ ಮೇಲೆ, ಸಪಾಟಾದ ಒದ್ದೆ ರಬ್ಬರಿನ ಮೇಲೆ ಅದಕ್ಕೆ ಹಿಡಿತವೇ ಇರುವುದಿಲ್ಲ. ಜಾರಿದ ಪಾದ ಹೋಗುವುದು ಕೆಳಕ್ಕೆ, ರಸ್ತೆಯ ಕಡೆಗೆ, ಇಲ್ಲವೇ ಹಿಂದಕ್ಕೆ, ಚಕ್ರದ ಕಡ್ಡಿಗಳ ಕಡೆಗೆ. ಮಕ್ಕಳ ಕಾಲು ಫುಟ್‌ರೆಸ್ಟಿಗೆ ಎಟುಕುವುದೇ ಇಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಟ್ಟುಪಟ್ಟಿ ಮತ್ತು ಹೆಲ್ಮೆಟ್ ಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದ್ದರೂ, ಅಷ್ಟು ಚಿಕ್ಕ ಮಗುವನ್ನು ಹಿಡಿದು ಕುಳಿತ ತಾಯಿಯ ಪಾದಕ್ಕೆ ಹಿಡಿತವಿದೆಯೇ ಎಂಬುದನ್ನು ಯಾವ ಪಟ್ಟಿಯೂ ನೋಡಿಕೊಳ್ಳಲಾರದು.

ರಬ್ಬರು ಬದಲಿಸುವ ಕಾಲ ಬಂದಿದೆಯೇ ಎಂದು ತಿಳಿಯಲು ಉಪಕರಣ ಬೇಡ. ಗೀರುಗಳ ನಡುವೆ ಹೆಬ್ಬೆರಳಿನ ಉಗುರು ಇಳಿಯದಿದ್ದರೆ, ಎಲ್ಲಿಯಾದರೂ ಒಳಗಿನ ಲೋಹ ಕಾಣುತ್ತಿದ್ದರೆ, ಬುಡದಲ್ಲಿ ಸುತ್ತಲೂ ಬಿರುಕು ಬಿಟ್ಟಿದ್ದರೆ ಅದರ ಆಯುಷ್ಯ ಮುಗಿಯಿತು. ಇವೆಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ: ರಬ್ಬರನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ತಿರುವಿದಾಗ ಅದು ಸರಳಿನ ಮೇಲೆ ಸುತ್ತಿದರೆ ಅಥವಾ ಹೊರಕ್ಕೆ ಜರುಗಿದರೆ, ಮೇಲ್ಮೈ ಎಷ್ಟೇ ಚೆನ್ನಾಗಿದ್ದರೂ ಅದು ಬಳಕೆಗೆ ಯೋಗ್ಯವಲ್ಲ. ಸವೆದ ರಬ್ಬರು ಕಾಲನ್ನು ಸ್ವಲ್ಪಸ್ವಲ್ಪವಾಗಿ ಜಾರಿಸಿ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಒಳಗಿನ ತೂತು ಹಿಗ್ಗಿ ಸಡಿಲಗೊಂಡ ರಬ್ಬರು ಪಾದದ ಕೆಳಗೆ ಒಮ್ಮೆಗೇ ಉರುಳುತ್ತದೆ.

ರಿಪೇರಿಯ ಹೆಸರಿನಲ್ಲಿ ನಡೆಯುವ ಕೆಲವು ಉಪಾಯಗಳಿಗೆ ಒಪ್ಪಿಗೆ ಕೊಡುವುದು ಕಷ್ಟ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ತಂತಿ ಕಟ್ಟುವುದು ಊರು ಮುಟ್ಟುವವರೆಗೆ ಸಾಕಾದೀತು, ಆದರೆ ಟ್ಯೂಬಿನ ಮೈಯಲ್ಲಿ ಗೀರುಗಳಿಲ್ಲದ್ದರಿಂದ ಮಳೆಯಲ್ಲಿ ಅದು ಹಳೆಯ ರಬ್ಬರಿಗಿಂತ ಹೆಚ್ಚು ಜಾರುತ್ತದೆ, ತಂತಿಯ ಚೂಪಾದ ತುದಿ ಸೀರೆಯ ಅಂಚನ್ನೋ ಪಾದವನ್ನೋ ಹರಿಯುತ್ತದೆ. ಕ್ಷಣದಲ್ಲಿ ಅಂಟುವ ಗೋಂದು ಒಣಗಿದ ಮೇಲೆ ಗಾಜಿನಂತೆ ಪೆಡಸಾಗುವುದರಿಂದ ಸದಾ ಅದುರುವ ಜಾಗದಲ್ಲಿ ನಿಲ್ಲುವುದಿಲ್ಲ. ಒಪ್ಪಬಹುದಾದ ರಿಪೇರಿ ಒಂದೇ: ಕೊಳವೆಯಾಕಾರದ ರಬ್ಬರು ಒಂದೇ ಮಗ್ಗುಲಲ್ಲಿ ಸವೆದು, ತೂತು ಇನ್ನೂ ಬಿಗಿಯಾಗಿದ್ದು, ಎಲ್ಲ ಮಗ್ಗುಲಲ್ಲೂ ಗೀರುಗಳಿದ್ದರೆ ಅದನ್ನು ಅರ್ಧ ಸುತ್ತು ತಿರುಗಿಸಿ ಸವೆಯದ ಮೈಯನ್ನು ಮೇಲಕ್ಕೆ ತರಬಹುದು. ಇದರಿಂದ ಒಂದು ಮಳೆಗಾಲ ಕಳೆಯುತ್ತದೆ. ಸರಳಿಗೆ ಚಪ್ಪಟೆ ಮೈಯೋ ಗುಂಡಿಯೋ ಇದ್ದು ರಬ್ಬರು ಅದಕ್ಕೆ ಕಚ್ಚಿ ಕೂರುವ ಮಾದರಿಗಳಲ್ಲಿ ಹೀಗೆ ಮಾಡುವಂತಿಲ್ಲ.

ಬದಲಿಸುವ ಕೆಲಸ ಫುಟ್‌ರೆಸ್ಟಿನ ರಚನೆಯನ್ನು ಅವಲಂಬಿಸಿದೆ. 100 ಸಿ.ಸಿ. ಆಸುಪಾಸಿನ ಹಲವು ಗಾಡಿಗಳಲ್ಲಿ ಎಂಜಿನ್ನಿನ ಕೆಳಗೆ ಅಡ್ಡಲಾಗಿ ಬೋಲ್ಟ್ ಮಾಡಿದ ಒಂದೇ ಬಾರಿನ ಎರಡು ತುದಿಗಳಿಗೆ ಕೊಳವೆಯಂಥ ರಬ್ಬರು ತೊಡಿಸಿರುತ್ತದೆ. ಹಳೆಯದನ್ನು ಎಳೆದು ತೆಗೆಯಲು ಹೆಣಗುವ ಬದಲು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸುವುದು ಸುಲಭ. ಬರಿದಾದ ಸರಳಿನ ಮೇಲೆ ಖಾನಾಪುರದ ಕಡೆಯ ಗಾಡಿಗಳಲ್ಲಿ ಹೆಚ್ಚಾಗಿ ಕೆಂಪು ತುಕ್ಕಿನ ಪದರವೇ ಇರುತ್ತದೆ. ತಂತಿ ಬ್ರಷ್‌ನಿಂದಲೂ ಉಜ್ಜುಕಾಗದದಿಂದಲೂ ಅದನ್ನು ತೆಗೆಯದೆ ಹೊಸ ರಬ್ಬರು ತೊಡಿಸಿದರೆ ತುಕ್ಕಿನ ಹುಡಿ ಒಳಗಿನಿಂದ ತೂತನ್ನು ತೇಯ್ದು ಕೆಲವೇ ತಿಂಗಳಲ್ಲಿ ಸಡಿಲಗೊಳಿಸುತ್ತದೆ. ಹೊಸ ರಬ್ಬರಿನ ತೂತು ಸರಳಿಗಿಂತ ತುಸು ಕಿರಿದಾಗಿರುತ್ತದೆ, ಇರಬೇಕಾದದ್ದೂ ಹಾಗೆಯೇ. ಅದನ್ನು ಐದಾರು ನಿಮಿಷ ಬಿಸಿನೀರಿನಲ್ಲಿ ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಒಳಗೂ ಸರಳಿಗೂ ಸೋಪಿನ ನೀರು ಸವರಿ, ತಿರುವುತ್ತ ತಿರುವುತ್ತ ಒತ್ತಿದರೆ ಬುಡದವರೆಗೆ ಸರಿದು ಕೂರುತ್ತದೆ. ಇಲ್ಲಿ ಗ್ರೀಸ್ ಅಥವಾ ಆಯಿಲ್ ಬಳಸುವುದು ಗ್ಯಾರೇಜುಗಳಲ್ಲಿ ಕಾಣುವ ದೊಡ್ಡ ತಪ್ಪು. ಸೋಪಿನ ನೀರು ಆರಿದ ಮೇಲೆ ಹಿಡಿತ ಮರಳಿ ಬರುತ್ತದೆ, ಗ್ರೀಸ್ ಆರುವುದಿಲ್ಲ. ರಬ್ಬರು ಸುತ್ತುತ್ತಲೇ ಇರುತ್ತದೆ, ಒಳಗಿನಿಂದ ಊದುತ್ತಲೂ ಹೋಗುತ್ತದೆ. ಸಂಜೆ ತೊಡಿಸಿ ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ತಿರುವಿ ನೋಡಿ ಗಾಡಿ ಹೊರಗೆ ತೆಗೆಯುವುದು ಸರಿಯಾದ ಕ್ರಮ. ಬಿದ್ದ ಗಾಡಿಯಲ್ಲಿ ಬಾರು ಮೇಲಕ್ಕೋ ಹಿಂದಕ್ಕೋ ಬಾಗಿರುವುದುಂಟು. ರಬ್ಬರು ಹಾಕುವ ಮುನ್ನವೇ ಅದನ್ನು ನೆಟ್ಟಗೆ ಮಾಡಿಸದಿದ್ದರೆ ಪಾದಕ್ಕೂ ಬ್ರೇಕ್ ಪೆಡಲಿಗೂ ಇರುವ ಅಂತರ ತಪ್ಪಿಯೇ ಉಳಿಯುತ್ತದೆ.

ಅಗಲವಾದ ಫುಟ್‌ರೆಸ್ಟುಗಳಲ್ಲಿ ಚಪ್ಪಟೆ ರಬ್ಬರಿನ ಅಡಿಯಲ್ಲಿ ಗುಬಟುಗಳಿದ್ದು, ಅವು ಲೋಹದ ತಟ್ಟೆಯ ತೂತುಗಳಲ್ಲಿ ತೂರಿ ಕೆಳಗೆ ಕಚ್ಚಿಕೊಳ್ಳುತ್ತವೆ. ಗುಬಟುಗಳನ್ನು ಒದ್ದೆ ಮಾಡಿ, ಕೆಳಗಿನಿಂದ ಪಕ್ಕಡದಲ್ಲಿ ಹರಿಯದಂತೆ ಹಿಡಿದು ಒಂದೊಂದಾಗಿ ಎಳೆಯಬೇಕು. ಒಂದು ಗುಬಟು ಹರಿದರೂ ಆ ಮೂಲೆ ಎದ್ದು ನಿಲ್ಲುತ್ತದೆ. ಕೆಲವು ಮಾದರಿಗಳಲ್ಲಿ ರಬ್ಬರಿನೊಳಗೇ ಬೋಲ್ಟ್ ಹುದುಗಿಸಿ ಕೆಳಗೆ ನಟ್ ಬಿಗಿದಿರುತ್ತಾರೆ, ಅಲ್ಲಿ ಪಾನಾ ಒಂದೇ ಸಾಕು. ಘಾಟಿಯಲ್ಲಿ, ಕೆಸರಿನಲ್ಲಿ ನಿಂತುಕೊಂಡು ಓಡಿಸಲೆಂದೇ ಮಾಡಿದ ಅಡ್ವೆಂಚರ್ ಗಾಡಿಗಳ ಫುಟ್‌ರೆಸ್ಟಿಗೆ ಉಕ್ಕಿನ ಹಲ್ಲುಗಳಿದ್ದು, ರಬ್ಬರನ್ನು ಬೇಕೆಂದಾಗ ತೆಗೆದಿಡಬಹುದು; ಬೂಟಿನ ಕೆಸರನ್ನು ಆ ಹಲ್ಲುಗಳು ಕೊಚ್ಚಿ ಹಿಡಿಯುತ್ತವೆ. ಚಪ್ಪಲಿ ಹಾಕಿಕೊಂಡು ಓಡಾಡುವವರಿಗೆ ಅದು ಹೇಳಿಮಾಡಿಸಿದ್ದಲ್ಲ.

ಹಿಂದಿನ ಫುಟ್‌ರೆಸ್ಟ್ ಮಡಚುವಂಥದ್ದಾದ್ದರಿಂದ ರಬ್ಬರಿನ ಜೊತೆಗೆ ಅದರ ಕೀಲನ್ನೂ ನೋಡಬೇಕು. ಒಂದು ಗುಂಡು ಪಿನ್ನು ಕೀಲಿನೊಳಗೆ ಹಾಯ್ದು, ಕೆಳಗೆ ವಾಷರ್ ಮತ್ತು ಎರಡು ಕಾಲುಗಳನ್ನು ಅಗಲಿಸಿ ಮಡಚಿದ ಸ್ಪ್ಲಿಟ್ ಪಿನ್ನಿನಿಂದ ನಿಂತಿರುತ್ತದೆ. ಮಳೆನೀರು ಇಳಿದು ಕೀಲು ತುಕ್ಕು ಹಿಡಿದರೆ ಫುಟ್‌ರೆಸ್ಟ್ ಪೂರ್ತಿ ತೆರೆಯದೆ ಓರೆಯಾಗಿ ನಿಲ್ಲುತ್ತದೆ. ಓರೆಯಾದ ಸರಳಿನ ಮೇಲೆ ಹೊಸ ರಬ್ಬರಿದ್ದರೂ ಪಾದ ಒಳಕ್ಕೆ ಜರುಗುತ್ತದೆ. ಪಿನ್ನನ್ನು ತೆಗೆದು ಉಜ್ಜಿ, ಒಂದು ಹನಿ ಆಯಿಲನ್ನು ಕೀಲಿಗೆ ಮಾತ್ರ ಬಿಟ್ಟು, ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಬೇಕು.

ಬಿಡಿಭಾಗ ಕೊಳ್ಳುವಲ್ಲಿ ಅಂಗಡಿಯವರು ಕಂಪನಿ ಮಾಲು, ಲೋಕಲ್ ಮಾಲು ಎಂದು ಎರಡು ಬಗೆ ತೋರಿಸುತ್ತಾರೆ. ಎರಡರ ನಡುವಿನ ವ್ಯತ್ಯಾಸ ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ: ಒಳ್ಳೆಯ ರಬ್ಬರನ್ನು ಉಗುರಿನಿಂದ ಒತ್ತಿ ಬಿಟ್ಟರೆ ಗುರುತು ಕೂಡಲೇ ಮಾಯವಾಗುತ್ತದೆ, ಪುಡಿ ತುಂಬಿ ತೂಕ ಹೆಚ್ಚಿಸಿದ ರಬ್ಬರಿನಲ್ಲಿ ಗುರುತು ಉಳಿಯುತ್ತದೆ, ಮಡಚಿದರೆ ಮಡಿಕೆಯಲ್ಲಿ ಬೆಳ್ಳಗಾಗುತ್ತದೆ. ತಯಾರಿಕೆ ನಿಂತುಹೋದ ಹಳೆಯ ಮಾದರಿಗಳ ಮಾಲೀಕರಿಗೆ ಸರಿಯಾದ ಅಳತೆಯ ರಬ್ಬರು ಸಿಗುವುದೇ ದುಸ್ತರ. ಅಚ್ಚು ಕೊರೆಯಬಲ್ಲ ಯಂತ್ರಗಳೂ ಕುಶಲ ಕೈಗಳೂ ಉದ್ಯಮಬಾಗದಲ್ಲಿ ಹೇರಳವಾಗಿರುವಾಗ ಇಂಥ ಚಿಕ್ಕ ಭಾಗಗಳನ್ನು ಸ್ಥಳೀಯವಾಗಿ ಅಚ್ಚಿನಲ್ಲಿ ಒತ್ತಿ ತಯಾರಿಸುವುದು ಅಸಾಧ್ಯವಾದ ಮಾತಲ್ಲ.

ಕಾರ ಹುಣ್ಣಿಮೆಯ ಹೊತ್ತಿಗೆ ಈ ಭಾಗದಲ್ಲಿ ಮಳೆ ಹಿಡಿಯುತ್ತದೆ. ಅದಕ್ಕೂ ಮುಂಚೆ, ಮೇ ತಿಂಗಳಲ್ಲಿ ಗಾಡಿ ಸರ್ವಿಸಿಗೆ ಬಿಡುವವರು ಹಿಂದಿನ ಎಡ ಫುಟ್‌ರೆಸ್ಟನ್ನು ಮೊದಲು ನೋಡಿಸಬೇಕು, ಮಾಲೀಕರು ಕೇಳದಿದ್ದರೂ ಮೆಕ್ಯಾನಿಕರು ಅದನ್ನು ಒಮ್ಮೆ ತಿರುವಿ ನೋಡಬೇಕು. ರಬ್ಬರನ್ನು ಯಾವಾಗಲೂ ಜೊತೆಯಾಗಿಯೇ ಬದಲಿಸಬೇಕು, ಮತ್ತು ಬಿಚ್ಚಿದ ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು.